ಮೇಷ್ಟ್ರ ಕಾಂಪೌಂಡಿನ ನೇರಳೆ ಹೂವು

“ಭಾನುವಾರದೊಳಗೆ ಈ ಗಿಡದ ಹೆಸರು ಪತ್ತೆ ಮಾಡದಿದ್ದರೆ ನಾನು ಮೇಷ್ಟ್ರೇ ಅಲ್ಲ ಕಣೇ!”

ಚನ್ನರಾಯಪಟ್ಟಣದ ತಮ್ಮ ಮನೆಯಂಗಳದಲ್ಲಿ ಧರಣೇಂದ್ರಯ್ಯನವರು ಹೀಗೆ ಶಪಥಗೈದಾಗ ಹೆಂಡತಿ ಮರುದೇವಿ ಬಟ್ಟೆ ಒಣಹಾಕುತ್ತಿದ್ದರು.

“ರಿಟೈರಾಗಿ ಆಯ್ತಲ್ರೀ, ಇನ್ಯಾವ ಮೇಷ್ಟ್ರು?” ಎಂದರು.

ಎಂಥ ಮಾತು! ಅರಕಲಗೂಡು, ಹೊಳೆನರಸೀಪುರದ ಹೈಸ್ಕೂಲು ಮಕ್ಕಳಿಗೆಲ್ಲ ಜೀವಶಾಸ್ತ್ರ ಅರೆದು ಕುಡಿಸಿದ ಮಹಾನುಭಾವರಿಗೆ ಹೇಳುವ ಮಾತೇ ಇದು? ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು.

ಗಿಡವೋ, ದಾಸವಾಳದ ಮಗ್ಗುಲಲ್ಲಿ ತಾನಾಗಿಯೇ ಎದ್ದದ್ದು. ಮೊಣಕಾಲೆತ್ತರ. ನೇರಳೆ ಹೂಗೊಂಚಲು, ನಡುವೆ ಹಳದಿ ಮೂಗುಬೊಟ್ಟು. ಹೆಸರು ಸಿಗುವತನಕ ಇರಲಿ ಎಂದು ಮೇಷ್ಟ್ರು ತಾವೇ ಅದಕ್ಕೆ ‘ನೀಲಮಣಿ ಪುಷ್ಪ’ ಎಂದು ನಾಮಕರಣ ಮಾಡಿದರು. ದಿನಾ ಬೆಳಿಗ್ಗೆ ಬಿಡಿಸಿಕೊಂಡು ಹೋಗಿ ಬಸದಿಯಲ್ಲಿ ಸ್ವಾಮಿಯ ಪಾದಕ್ಕೂ ಅರ್ಪಿಸಿದರು. “ಅಪರೂಪದ ಹೂವು, ಇಡೀ ಜಿಲ್ಲೆಯಲ್ಲೇ ಇಲ್ಲ” ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದರು.

ಎದುರುಮನೆಯ ನಟರಾಜು, ತೆಂಗಿನಕಾಯಿ ಮಂಡಿಯ ಸಾಹುಕಾರ, ಗೇಟಿನಿಂದ ಇಣುಕಿದವನೇ ಎಲ್ಲ ಕೆಡಿಸಿಬಿಟ್ಟ.

“ಇದು ಆಲೂಗೆಡ್ಡೆ ಅಲ್ವಾ ಸಾ?”

ಆಲೂಗೆಡ್ಡೆ! ಗೆಡ್ಡೆಗೆಣಸು ಮುಟ್ಟದ ಜೈನರ ಬಸದಿಯಲ್ಲಿ ಊಟದ ಉಸ್ತುವಾರಿ ಹೊತ್ತ ಧರಣೇಂದ್ರಯ್ಯನವರ ಅಂಗಳದಲ್ಲಿ! ಯಾರ ಮನೆಯ ಹುಳಿಯಲ್ಲಿ ಈರುಳ್ಳಿ ಬಿದ್ದರೂ ಬೀದಿಯಲ್ಲೇ ಮೂಗರಳಿಸಿ ಹಿಡಿದು, ಮನೆಯವರ ನೀರಿಳಿಸಿ ಬರುವ ಮನುಷ್ಯ ಅವರು!

“ಏನಯ್ಯಾ ಮಾತಾಡ್ತಿದೀಯ? ನೆಲದೊಳಗೆ ಬೆಳೆದದ್ದು ಒಂದೂ ನಮ್ಮ ಹೊಸ್ತಿಲು ದಾಟಿಲ್ಲ! ಹಾಸನದ ದಾರೀಲಿ ಆಲೂಗೆಡ್ಡೆ ಹೊಲ ನಾನು ಕಂಡಿಲ್ವಾ? ಅದರ ಹೂವು ಬಿಳಿ!”

“ನೇರಳೆ ಬಿಡೋವೂ ಅವೆ ಸಾ, ತಳಿ ಬ್ಯಾರೆ. ತಡೀರಿ,” ಎಂದು ನಟರಾಜು ಮೊಬೈಲಿನಲ್ಲಿ ಫೋಟೋ ಹೊಡೆದ. “ನೋಡಿ, ಫೋನೂ ಅದ್ನೇ ಯೋಳ್ತೈತೆ.”

“ನಿನ್ನ ಫೋನು ಯಾವ ಕಾಲೇಜಲ್ಲಿ ಓದಿದೆಯೋ? ಭಾನುವಾರ ಬಾ! ಬಸದಿ ಸಮಿತಿಯೋರನ್ನೇ ಕರೆಸ್ತೀನಿ. ಒಂದೇ ಒಂದು ಗೆಡ್ಡೆ ಸಿಕ್ಕಲಿ, ಅವತ್ತೇ ಉಸ್ತುವಾರಿ ಬಿಟ್ಟುಕೊಡ್ತೀನಿ!”

ಹಿಂದಿನಿಂದ ಮರುದೇವಿ ಸೆರಗು ಬಾಯಿಗಿಟ್ಟುಕೊಂಡು, “ರೀ, ಸ್ವಲ್ಪ ಒಳಗೆ ಬನ್ನಿ” ಎಂದರು.

“ಆಮೇಲೆ ಕಣೇ!”

ಆ ‘ಆಮೇಲೆ’ ಭಾನುವಾರದವರೆಗೂ ಬರಲಿಲ್ಲ. ಮರುದೇವಿ ಬಾಯಿ ತೆರೆದಾಗಲೆಲ್ಲ, “ನೀನೂ ಆ ನಟರಾಜನ ಕಡೆಯೇನೇ?” ಎಂದು ಮೇಷ್ಟ್ರು ಎಗರಿ ಬೀಳುತ್ತಿದ್ದರು.

ಭಾನುವಾರ ಸಮಿತಿಯ ಅಧ್ಯಕ್ಷ ಕೀರ್ತಿರಾಜ್ ನಾಲ್ಕು ಜನರನ್ನು ಕಟ್ಟಿಕೊಂಡು ಬಂದೇಬಿಟ್ಟರು. ಹೋದ ಸಲದ ಬಸದಿ ಊಟದಲ್ಲಿ ಅವರ ಸೊಸೆಯ ಡಬ್ಬಿಯಲ್ಲಿದ್ದ ಕ್ಯಾರೆಟ್ ಹಲ್ವಾವನ್ನು ಎಲ್ಲರೆದುರು ಎತ್ತಿ ತೋರಿಸಿದ್ದವರು ನಮ್ಮ ಮೇಷ್ಟ್ರೇ. ಆ ಕೀರ್ತಿರಾಜರ ಮುಖದಲ್ಲಿ ಹಬ್ಬದ ಕಳೆ!

“ಗಿಡ ಕೀಳೋದು ಪಾಪ. ಆದರೆ ಮಾನದ ಪ್ರಶ್ನೆ! ಎಲ್ಲರೂ ಕಣ್ಣುಬಿಟ್ಟು ನೋಡಿ!” ಎನ್ನುತ್ತ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಬುಡಕ್ಕೆ ಕೈ ಹಾಕಿ ಎಳೆದರು.

ನೀಲಮಣಿ ಪುಷ್ಪ ಸಲೀಸಾಗಿ ಬಂತು. ಬೇರಿನ ತುಂಬ ಗುಂಡುಗುಂಡಗೆ ಆಲೂಗೆಡ್ಡೆ ಜೋತಾಡುತ್ತಿದ್ದವು. ಒಂದು ಕಳಚಿ ಉರುಳಿಕೊಂಡು ಹೋಗಿ ಕೀರ್ತಿರಾಜರ ಕಾಲ ಬಳಿ ನಿಂತಿತು.

ನಾಚಿಕೆಪಡುವುದಿರಲಿ, ಮೇಷ್ಟ್ರು ಕೆರಳಿ ಕೆಂಡವಾದರು. “ಯಾವನು ತಂದು ನೆಟ್ಟಿದ್ದು ಇದನ್ನ? ನನ್ನ ಮಾನ ಕಳೆಯೋಕೆ ಮಾಡಿದ ಪಿತೂರಿ ಇದು! ನಟರಾಜು, ನೀನೇ ತಾನೇ? ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ!”

ಮರುದೇವಿಗೆ ಇನ್ನು ತಡೆಯಲಾಗಲಿಲ್ಲ.

“ಪಾಪ, ಅವರನ್ನ್ಯಾಕೆ ಅಂತೀರಿ? ಸಂತೇಲಿ ಹೀರೇಕಾಯಿ ಜೊತೆ ಒಂದು ಆಲೂಗೆಡ್ಡೆ ಚೀಲಕ್ಕೆ ಬಿದ್ದು ಬಂದಿತ್ತಲ್ಲ, ಮರೆತುಬಿಟ್ರಾ? ಕಸದ ಗಾಡಿಗೆ ಹಾಕಿದ್ರೆ ಬೀದಿಯೋರು ನೋಡ್ತಾರೆ ಅಂತ ಇಲ್ಲೇ ಗುಂಡಿ ತೋಡಿ ಹೂತೋರು ಯಾರು? ಮುಟ್ಟಿದ ಕೈ ಅಂತ ದಿನಾ ಅದರ ಮೇಲೇ ತೊಳ್ಕೊಂಡು ನೀರುಣಿಸಿದೋರು ಯಾರು?”

ಮೇಷ್ಟ್ರ ಕೈಯಲ್ಲಿ ಗಿಡ ಇನ್ನೂ ತೂಗಾಡುತ್ತಲೇ ಇತ್ತು.

ನಟರಾಜು ಹತ್ತಿರ ಬಂದು, ಬೇರನ್ನೊಮ್ಮೆ ದಿಟ್ಟಿಸಿ, ಬಲು ವಿನಯದಿಂದ ಕೇಳಿದ:

“ಇವ್ನೆಲ್ಲ ಎಲ್ಲಿ ಹೂಳ್ತೀರಾ ಸಾ?”