ಇಪ್ಪತ್ತನೆಯ ಕಲ್ಲು

ನನ್ನ ಕಣ್ಣು ತಪ್ಪಿಸಿ ಒಂದು ಇರುವೆಯೂ ಆ ಬೇಲಿ ದಾಟಲಾರದು ಎಂದು ಎದೆ ತಟ್ಟಿಕೊಂಡು ತಿರುಗುತ್ತಿದ್ದವನು ನಾನು. ಇತಿಹಾಸಕ್ಕೂ ಹಿಂದಿನ ಜನ ಬಯಲಿನಲ್ಲಿ ವೃತ್ತಾಕಾರವಾಗಿ ನೆಟ್ಟುಹೋದ ಹತ್ತೊಂಬತ್ತು ಕಲ್ಲುಗಳಿಗೆ ನಾನೇ ಸರ್ಕಾರಿ ಕಾವಲುಗಾರ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಣಿಸಿ, ‘ಹತ್ತೊಂಬತ್ತು, ಕ್ಷೇಮ’ ಎಂದು ಪುಸ್ತಕದಲ್ಲಿ ಬರೆಯುವುದೇ ನನ್ನ ಘನಕಾರ್ಯ. ಕಲ್ಲೇನು ಎದ್ದು ಓಡಿಹೋಗುತ್ತದೆಯೇ ಎಂದು ನೀವು ನಗಬಹುದು. ಓಡಿಹೋಗಲಿಲ್ಲ ಸ್ವಾಮಿ, ಒಂದು ಹೆಚ್ಚಾಯಿತು!

ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದೆ. ಇಪ್ಪತ್ತು. ಎರಡು ದೊಡ್ಡ ಕಲ್ಲುಗಳ ನಡುವೆ ಮೊಣಕಾಲೆತ್ತರದ ಚಪ್ಪಟೆ ಕಲ್ಲೊಂದು ಬಹಳ ಸಾಧುವಾಗಿ ನಿಂತಿತ್ತು. ಮಣ್ಣು ಸವೆದು ಮೇಲೆದ್ದ ಪುರಾತನ ಕಲ್ಲೇ ಸರಿ ಎಂದು ತೀರ್ಮಾನಿಸಿ, ಮಹಾ ಸಂಶೋಧಕನ ಗತ್ತಿನಲ್ಲಿ ಇಲಾಖೆಗೆ ಫೋನ್ ಮಾಡಿದೆ.

ಅಧಿಕಾರಿ ಮೇಡಂ ಬಂದರು. ಕಲ್ಲಿನ ಬಿರುಕಿಗೆ ಉಗುರು ಹಾಕಿ ಕೆರೆದು ಮೂಸಿದರು.

“ಏನ್ರೀ ಇದು, ಸೋಪು!”

“ಆ ಕಾಲದಲ್ಲೇ ಸೋಪಿತ್ತಾ ಮೇಡಂ?”

“ಬಟ್ಟೆ ಒಗೆಯೋ ಕಲ್ಲು ಕಣ್ರೀ ಇದು. ತೆಗೆದು ಆಚೆ ಹಾಕಿ.”

ಮಾನ ಹರಾಜಾಯಿತು. ಆ ಸಿಟ್ಟೆಲ್ಲ ಸುತ್ತಿಗೆಗೆ ಇಳಿಯಿತು. ಮತ್ತೆ ಯಾರೂ ತಂದಿಡಬಾರದೆಂದು ಕಲ್ಲನ್ನು ಬೇಲಿಯಾಚೆ ಉರುಳಿಸಿ ನಾಲ್ಕು ಹೋಳು ಮಾಡಿದೆ. ಆಮೇಲೆ ಕಥೆಗೆ ಒಂದಿಷ್ಟು ಉಪ್ಪುಖಾರ ಹಚ್ಚಿಕೊಂಡು ಮನೆಗೆ ಬಂದೆ.

ಹೆಂಡತಿ ಹಿತ್ತಿಲಲ್ಲಿ ಬಕೆಟ್ಟಿನೊಳಗೇ ಬಟ್ಟೆ ಕುಸುಬುತ್ತಿದ್ದಳು. ನಾನು ಹೇಳಿ ಹೇಳಿ ನಕ್ಕೆ. ಅವಳು ನಗಲಿಲ್ಲ.

“ಒಡೆದುಬಿಟ್ರಾ?”

“ಹೂಂ, ನಾಲ್ಕು ಹೋಳು. ಯಾಕೆ?”

ಅವಳು ಪಕ್ಕಕ್ಕೆ ಸರಿದಳು. ಅಲ್ಲಿದ್ದ ಒಗೆಯುವ ಕಲ್ಲಿನ ಜಾಗದಲ್ಲಿ ಬರೀ ಹಸಿಮಣ್ಣು. ಹದಿನಾರು ವರ್ಷ ನನ್ನ ಅಂಗಿಗಳ ಏಟು ತಿಂದ ಕಲ್ಲು, ನನಗೆ ಅದರ ಗುರುತೇ ಸಿಕ್ಕಿರಲಿಲ್ಲ. ಅದರ ತುದಿಯಲ್ಲೇ ಕೂತು ನಮ್ಮ ಮಗಳು ಸೋಪಿನ ನೊರೆ ಊದುತ್ತಿದ್ದಳು. ಜ್ವರದಲ್ಲಿ ಹೋದಾಗ ಅವಳಿಗೆ ಆರು ವರ್ಷ. ಎರಡು ವರ್ಷದಿಂದ ಮನೆಯಲ್ಲಿ ಅವಳ ಮಾತು ಬಂದರೆ ಸಾಕು, ನಾನು ಎದ್ದು ಕಲ್ಲೆಣಿಸಲು ಹೋಗಿಬಿಡುತ್ತಿದ್ದೆ.

“ಅದರ ಮೇಲೆ ಬಟ್ಟೆ ಬಡಿಯೋಕೆ ನನ್ನ ಕೈಲಿ ಆಗ್ತಿರಲಿಲ್ಲ ರೀ,” ಎಂದಳು. “ಬಿಸಾಕೋಕೂ ಮನಸ್ಸು ಬರಲಿಲ್ಲ. ತಳ್ಳುಗಾಡೀಲಿ ಹಾಕ್ಕೊಂಡು ಹೋಗಿ ನಿಲ್ಲಿಸಿ ಬಂದೆ. ನೀವು ಮರದ ಕೆಳಗೆ ಗೊರಕೆ ಹೊಡೀತಿದ್ರಿ.”

“ಹೋಗಿ ಹೋಗಿ ಅಲ್ಲೇ ಯಾಕಿಟ್ಟೆ?”

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಅಲ್ಲಿರೋ ಕಲ್ಲನ್ನ ಯಾರೂ ಮುಟ್ಟೋ ಹಾಗಿಲ್ಲ, ನೀವು ಕಾಯ್ತೀರಲ್ಲ ಅಂತ.”