ತುಪ್ಪ ಹಾಕದ ಒಂದು ದೋಸೆ

ಉಡುಪಿ ಕಡೆಯವನನ್ನು ಹಿಡಿದು "ಇಲ್ಲಿ ಒಳ್ಳೆಯ ಸಸ್ಯಾಹಾರ ಎಲ್ಲಿ ಸಿಗುತ್ತದೆ?" ಎಂದು ಕೇಳುವುದೆಂದರೆ ಅವನಿಗೆ ಸಣ್ಣ ಅವಮಾನವೇ ಸರಿ. ಮರಾಠಿ ನಾಡಿನ ಈ ಡೊಂಬಿವಲಿಗೆ ಬಂದು ನನ್ನ ಅರ್ಧ ಆಯುಷ್ಯ ಕಳೆದಿದೆ. ಕಲ್ಯಾಣದಿಂದ ಠಾಣೆಯವರೆಗೆ ಯಾವ ಹೋಟೆಲಿನ ಗಲ್ಲಾದಲ್ಲಿ ನಮ್ಮೂರಿನ ಯಾರು ಕೂತಿದ್ದಾರೆ, ಯಾರ ಸಾಂಬಾರಿಗೆ ಬೆಲ್ಲ ಹೆಚ್ಚು, ಯಾರ ಚಟ್ನಿಗೆ ಕಾಯಿ ಕಮ್ಮಿ, ಎಲ್ಲ ನನಗೆ ಬಾಯಿಪಾಠ. ಸಾಲದ್ದಕ್ಕೆ ನಾನು ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ಸಂಘ ಉಸಿರಾಡುವುದೇ ಈ ಹೋಟೆಲಿನವರ ದೇಣಿಗೆಯಿಂದ. ಹಾಗಾಗಿ ಪರಿಚಯಕ್ಕೆ ನನ್ನಲ್ಲಿ ಬರಗಾಲವಿಲ್ಲ.

ಆ ವರ್ಷ ರಾಜ್ಯೋತ್ಸವಕ್ಕೆ ವಚನ ಹಾಡಲು ಧಾರವಾಡದಿಂದ ಸುಮಂಗಲಾ ಎಂಬ ಗಾಯಕಿಯನ್ನು ಕರೆಸಿದ್ದೆವು. ಬರುವ ಮುಂಚೆ ಅವರೇ ಫೋನು ಮಾಡಿದರು.

"ಭಟ್ಟರ, ಒಂದ್ ಮಾತು ಹೇಳೂದಿತ್ರಿ. ನಾ ಹಾಲು, ಮೊಸರು, ಬೆಣ್ಣಿ, ತುಪ್ಪ ಏನೂ ತಿನ್ನೂದಿಲ್ರಿ. ಉಳಿದದ್ದೆಲ್ಲ ನಡೀತದ."

"ಅಷ್ಟೇ ಅಲ್ವಾ ಮೇಡಂ? ಚಿಂತೆಯೇ ಬೇಡ. ಇಲ್ಲಿ ಎಲ್ಲ ನಮ್ಮವರದ್ದೇ ಹೋಟೆಲು," ಎಂದೆ. ಆ ಮಾತಿಗೆ ನಾನು ತೆತ್ತ ದಂಡವೇ ಈ ಬರಹ.

ಫೋನಿಟ್ಟ ಮೇಲೆ ನನಗೊಂದು ಕುತೂಹಲ ಹತ್ತಿಕೊಂಡಿತು. ಹಾಲು ಬಿಟ್ಟರೆ ಏನೇನು ಉಳಿಯುತ್ತದೆ? ಅಡುಗೆಮನೆಗೆ ಹೋಗಿ ಕನ್ನಡಕ ಏರಿಸಿ ಒಂದೊಂದೇ ಪೊಟ್ಟಣ ಓದತೊಡಗಿದೆ. ಬಿಸ್ಕತ್ತಿನಲ್ಲಿ ಹಾಲಿನ ಪುಡಿ. ಬ್ರೆಡ್ಡಿನಲ್ಲಿ ಹಾಲಿನ ಪುಡಿ. ಖಾರದ ಚಿಪ್ಸಿನಲ್ಲೂ ಹಾಲಿನ ಪುಡಿ! ಆಲೂಗಡ್ಡೆಗೂ ಆಕಳಿಗೂ ಏನು ನೆಂಟಸ್ತಿಕೆಯೋ ನನಗೆ ತಿಳಿಯಲಿಲ್ಲ.

"ಏನು ಹುಡುಕ್ತಾ ಇದ್ದೀರಿ?" ಎಂದಳು ಹೆಂಡತಿ ವಿಜಯಾ.

ವಿಷಯ ಹೇಳಿದೆ. ಅವಳು ಯೋಚನೆಯನ್ನೂ ಮಾಡಲಿಲ್ಲ. "ಮನೆಗೇ ಕರ್ಕೊಂಡು ಬನ್ನಿ. ಗಂಜಿ, ಕಾಯಿಚಟ್ನಿ, ತೊಂಡೆಕಾಯಿ ಪಲ್ಯ ಮಾಡಿ ಬಡಿಸ್ತೇನೆ."

"ಸಂಘದ ಅತಿಥಿಗೆ ಗಂಜಿಯಾ? ಜನ ಏನು ಹೇಳ್ತಾರೆ? ಮೂರು ಜನ ಹೋಟೆಲಿನವರು ಊಟ ಹಾಕ್ಲಿಕ್ಕೆ ತುದಿಗಾಲಲ್ಲಿ ನಿಂತಿದ್ದಾರೆ ಮಾರಾಯ್ತಿ."

"ನಿಮ್ಮಿಷ್ಟ," ಎಂದಳು. ನಮ್ಮ ಮನೆಯಲ್ಲಿ ಈ ಮೂರಕ್ಷರದ ಹಿಂದೆ ಯಾವಾಗಲೂ ಒಂದು ಅನಾಹುತ ಸಾಲಿನಲ್ಲಿ ನಿಂತಿರುತ್ತದೆ ಎಂದು ಗೊತ್ತಿದ್ದೂ ನಾನು ಅದನ್ನು ಒಪ್ಪಿಗೆ ಎಂದೇ ಬಗೆದೆ.

ಸುಮಂಗಲಾ ಅವರ ರೈಲು ಬೆಳಿಗ್ಗೆ ಕಲ್ಯಾಣಕ್ಕೆ ಬಂತು. ಕಾರ್ಯಕ್ರಮವಿದ್ದದ್ದು ಸಂಜೆ, ಘಣಸೋಲಿಯ ಒಂದು ಸಭಾಗೃಹದಲ್ಲಿ. ನನ್ನ ಯೋಜನೆ ಬಹಳ ಸೊಗಸಾಗಿತ್ತು. ಕಲ್ಯಾಣದಲ್ಲಿ ಶೆಟ್ಟರ ಹೋಟೆಲಿನಲ್ಲಿ ತಿಂಡಿ, ಡೊಂಬಿವಲಿಯಲ್ಲಿ ರಾಯರ ಹೋಟೆಲಿನಲ್ಲಿ ಊಟ, ಮಹಾಪೆಯಲ್ಲಿ ಪೂಜಾರಿಯವರ ಹೋಟೆಲಿನಲ್ಲಿ ಉಪಾಹಾರ, ಅಲ್ಲಿಂದ ನೇರ ವೇದಿಕೆ. ಮೂವರೂ ಸಂಘದ ಪೋಷಕರು, ಮೂವರಿಗೂ ಅತಿಥಿ ಸತ್ಕಾರದ ಪುಣ್ಯ. ಕಾರು ನನ್ನದು, ಹಿಂದಿನ ಸೀಟಿನಲ್ಲಿ ಅತಿಥಿಗೆ ಜೊತೆಯಾಗಿ ವಿಜಯಾ. ಅವಳು ಸ್ಟೇಷನ್ನಿನ ಹೊರಗೆ ಒಂದು ಚಿಪ್ಪು ಬಾಳೆಹಣ್ಣು ಕೊಂಡಳು. "ಯಾಕೆ, ಹೋಟೆಲಿಗೇ ಹೋಗ್ತಿದ್ದೇವಲ್ಲ?" ಎಂದು ನಕ್ಕೆ. ಅವಳು ಹಣ್ಣನ್ನು ಚೀಲಕ್ಕೆ ಹಾಕಿಕೊಂಡಳು.

ಶೆಟ್ಟರು ಬಾಗಿಲಲ್ಲೇ ಕೈಮುಗಿದು ನಿಂತಿದ್ದರು. ನಾನು ಗತ್ತಿನಿಂದ, "ನಮ್ಮ ಸ್ಪೆಷಲ್ ಗೆಸ್ಟ್ ಶೆಟ್ರೇ. ಇವರಿಗೆ ಹಾಲು, ಮೊಸರು, ತುಪ್ಪ ಏನೂ ಆಗುವುದಿಲ್ಲ. ಇಡ್ಲಿ ಮಾತ್ರ ಕೊಡಿ," ಎಂದೆ.

"ಗೊತ್ತಾಯ್ತು ಭಟ್ರೇ," ಎಂದು ಶೆಟ್ಟರು ಒಳಗೆ ಹೋದರು.

ಇಡ್ಲಿ ಬಂತು. ಅಂದರೆ, ತುಪ್ಪ ಬಂತು. ಇಡ್ಲಿ ಅದರ ಅಡಿಯಲ್ಲೆಲ್ಲೋ ಇತ್ತು.

"ಶೆಟ್ರೇ, ಬೇಡ ಅಂದಿದ್ದೆನಲ್ಲ."

"ಬೇಡ ಅನ್ನದೆ ಇನ್ನೇನು ಅಂತಾರೆ ಭಟ್ರೇ? ಮರ್ಯಾದಸ್ತರು. ದಾಕ್ಷಿಣ್ಯ ಇರ್ತದೆ. ನಾವೇ ಅರ್ಥ ಮಾಡಿಕೊಳ್ಳಬೇಕು." ಶೆಟ್ಟರು ಇನ್ನೊಂದು ಸೌಟು ಸುರಿದರು.

ಇದರಲ್ಲಿ ಶೆಟ್ಟರ ತಪ್ಪೇನೂ ಇಲ್ಲ. ನಮ್ಮ ಕಡೆ ಬಡಿಸುವಾಗ ಮೊದಲ 'ಬೇಡ' ಬರೀ ನಮಸ್ಕಾರ. ಎರಡನೆಯ 'ಬೇಡ' ನಾಚಿಕೆ. ಎಲೆಯ ಮೇಲೆ ಮೈ ಬಗ್ಗಿಸಿ ಎರಡೂ ಕೈ ಅಡ್ಡ ಹಿಡಿದು ಕಿರುಚಿದರೆ ಮಾತ್ರ ನಿಜವಾದ 'ಬೇಡ'. ಸುಮಂಗಲಾ ಅವರಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಅವರು ತಟ್ಟೆ ಮುಟ್ಟದೆ ನನ್ನ ಮುಖ ನೋಡಿದರು. ಶೆಟ್ಟರೂ ನನ್ನ ಮುಖ ನೋಡಿದರು. ಸ್ಮರಣ ಸಂಚಿಕೆಯಲ್ಲಿ ಅವರದ್ದು ಇಡೀ ಪುಟದ ಜಾಹೀರಾತು. ಅನ್ನ ಬಿಸಾಡುವುದು ಪಾಪ, ದಾನಿಯನ್ನು ನೋಯಿಸುವುದು ಮಹಾಪಾಪ. ಶೆಟ್ಟರು ಗಲ್ಲಾದ ಕಡೆ ತಿರುಗಿದ್ದೇ ತಡ, ನನ್ನ ತಟ್ಟೆಯ ಜೊತೆ ಅತಿಥಿಯ ತಟ್ಟೆಯನ್ನೂ ನಾನೇ ಖಾಲಿ ಮಾಡಿದೆ.

ಕಾರಿನಲ್ಲಿ ವಿಜಯಾ ಬಾಳೆಹಣ್ಣು ಸುಲಿದು ಕೊಟ್ಟಳು. ನನಗಲ್ಲ.

ರಾಯರ ಹೋಟೆಲಿನಲ್ಲಿ ಈ ತಪ್ಪು ಮಾಡಬಾರದೆಂದು ನಿಶ್ಚಯಿಸಿದೆ. ದಾಕ್ಷಿಣ್ಯದ ಪ್ರಶ್ನೆಯೇ ಬರದಂತೆ ಡಾಕ್ಟರನ್ನು ನಡುವೆ ತಂದೆ. "ರಾಯರೇ, ಇವರು ದೊಡ್ಡ ಗಾಯಕಿ. ಡಾಕ್ಟರು ತುಪ್ಪ ಮುಟ್ಟಲೇಬಾರದು ಅಂದಿದ್ದಾರೆ."

'ಗಾಯಕಿ' ಎಂದು ನಾನು ಬಾಯಿ ಬಿಡಬಾರದಿತ್ತು. ರಾಯರು ಸಂಗೀತಪ್ರಿಯರು. ಅವರ ಕಣ್ಣು ಅರಳಿತು. ಸ್ವಲ್ಪ ಹೊತ್ತಿಗೆ ಊಟದ ತಟ್ಟೆ ಬಂತು. ಚಪಾತಿಯ ಮೇಲೆ ಬೆಣ್ಣೆ, ಪಲ್ಯದ ಮೇಲೆ ಬೆಣ್ಣೆ, ಸಾಂಬಾರಿನ ಜಾಗದಲ್ಲಿ ಮಜ್ಜಿಗೆಹುಳಿ.

"ರಾಯರೇ, ಇದು..."

"ತುಪ್ಪ ಅಲ್ಲ, ಬೆಣ್ಣೆ. ಡಾಕ್ಟರು ತುಪ್ಪ ಅಂದದ್ದಲ್ವಾ? ನಾನು ಒಂದು ತೊಟ್ಟೂ ಹಾಕ್ಲಿಕ್ಕೆ ಬಿಡಲಿಲ್ಲ," ಎಂದರು ರಾಯರು ಹೆಮ್ಮೆಯಿಂದ. ಹಿಂದೆಯೇ ಒಂದು ದೊಡ್ಡ ಲೋಟದಲ್ಲಿ ಕಾಳುಮೆಣಸು ಹಾಕಿದ ಬಿಸಿಹಾಲು ಬಂತು. "ಇದು ಕಂಠಕ್ಕೆ. ನಿಮ್ಮಂಥವರ ಸೇವೆ ಮಾಡುವ ಯೋಗ ನಮಗೆ ದಿನಾ ಬರ್ತದಾ ತಾಯಿ?"

ಸುಮಂಗಲಾ ಎದ್ದು ನಿಂತು ಕೈಮುಗಿದರು. "ನಿಮ್ಮ ಪ್ರೀತಿ ಕಂಡು ಹೊಟ್ಟಿ ತುಂಬಿತ್ರಿ," ಎಂದರು. ರಾಯರಿಗೆ ಸಂತೋಷವೋ ಸಂತೋಷ. ಹೊಟ್ಟೆ ನಿಜವಾಗಿ ತುಂಬಿದ್ದು ನನಗೆ. ಆ ಹಾಲನ್ನೂ ನಾನೇ ಕುಡಿದೆ. ನನ್ನ ಕಂಠ ಅಂದು ಬಹಳ ಸೊಗಸಾಗಿತ್ತು, ಹಾಡಲು ಮಾತ್ರ ನನಗೆ ಬರುತ್ತಿರಲಿಲ್ಲ.

ಶೀಳ್ ರಸ್ತೆಯಲ್ಲಿ ಎಂದಿನಂತೆ ಟ್ರಾಫಿಕ್ಕು. ಲಾರಿಗಳ ನಡುವೆ ಕಾರು ಆಮೆಯಾಗಿತ್ತು. ಬೆಳಗಿನಿಂದ ನನ್ನ ನಾಲಿಗೆಯ ತುದಿಯಲ್ಲಿದ್ದ ಪ್ರಶ್ನೆಯನ್ನು ವಿಜಯಾ ಕೇಳಿಯೇಬಿಟ್ಟಳು. "ಅಲ್ಲ ಸುಮಂಗಲಾ, ಹಾಲು ಯಾಕೆ ಬಿಟ್ಟದ್ದು ನೀವು?"

"ನಮ್ಮ ಅಜ್ಜಿ ಮನ್ಯಾಗ ಒಂದು ಎಮ್ಮಿ ಇತ್ರಿ ವಿಜಯಕ್ಕ. ಅದರ ಕರ ಸತ್ತುಹೋತು. ಆಮ್ಯಾಲೆ ಆ ಕರದ ತೊಗಲಿನ್ಯಾಗ ಹುಲ್ಲು ತುಂಬಿ ಎಮ್ಮಿ ಮುಂದ ನಿಲ್ಲಿಸ್ತಿದ್ರು. ಅದು ಕರಾನ ಅಂತ ತಿಳಿದು ಎಮ್ಮಿ ನೆಕ್ಕತಿತ್ತು, ಹಾಲು ಬಿಡತಿತ್ತು. ನಾ ಸಣ್ಣಾಕಿ ಇದ್ದೆ. ಆವತ್ತಿಂದ ಹಾಲು ಗಂಟಲದಾಗ ಇಳೀಲಿಲ್ರಿ. ಯಾರಿಗೂ ಬ್ಯಾಡ ಅನ್ನೂದಿಲ್ಲ, ನನಗ ಬ್ಯಾಡ ಅಷ್ಟ."

ನನಗೆ ನಿಜಕ್ಕೂ ಬೇಸರವಾಯಿತು. ಇದನ್ನು ಅವರ ಒಂದು ಶೋಕಿ ಎಂದು ಬೆಳಗಿನಿಂದ ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ಏನೇ ಆಗಲಿ, ಹಾಡುವುದರೊಳಗೆ ಇವರಿಗೆ ಒಂದು ತುತ್ತು ನೆಮ್ಮದಿಯ ಅನ್ನ ಹಾಕಿಸಲೇಬೇಕು ಎಂದು ಹಟ ಬಂತು.

ಮಹಾಪೆಯಲ್ಲಿ ಪೂಜಾರಿಯವರ ಹೋಟೆಲಿಗೆ ಕಾಲಿಟ್ಟವನೇ ಯಾರೊಂದಿಗೂ ಮಾತಾಡದೆ ನೇರ ಅಡುಗೆಮನೆಗೆ ನುಗ್ಗಿದೆ. ಸಭೆಗೆಂದು ಹಾಕಿಕೊಂಡಿದ್ದ ರೇಷ್ಮೆ ಜುಬ್ಬಾದಲ್ಲೇ ದೋಸೆಕಾವಲಿಯ ಪಕ್ಕ ಪಹರೆ ನಿಂತೆ. "ಎಣ್ಣೆ ಮಾತ್ರ. ತುಪ್ಪದ ಡಬ್ಬಿ ಮುಟ್ಟಿದರೆ ನೋಡು," ಎಂದು ದೋಸೆ ಹುಯ್ಯುವವನಿಗೆ ತಾಕೀತು ಮಾಡಿದೆ. ಅವನು ಹೆದರಿ ಹಾಗೆಯೇ ಮಾಡಿದ. ಗರಿಗರಿಯಾದ, ಒಂದು ಹನಿ ತುಪ್ಪವಿಲ್ಲದ ದೋಸೆ ತಟ್ಟೆಗೆ ಬಿತ್ತು. ಬೇರೆಯವರ ಕೈಗೆ ಕೊಡುವ ಧೈರ್ಯವಾಗದೆ ನಾನೇ ತಟ್ಟೆ ಎತ್ತಿಕೊಂಡು ಹೊರಟೆ.

ಬಾಗಿಲಲ್ಲಿ ಪೂಜಾರಿಯವರು ಎದುರಾದರು.

"ಭಟ್ರೇ, ನೀವು ತಟ್ಟೆ ಹೊರುವುದಾ? ಅದೂ ಒಣದೋಸೆ! ನಮ್ಮ ಹೋಟೆಲಿನ ಮಾನ ಏನಾಗಬೇಕು?" ಎನ್ನುತ್ತ ಅವರು ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಪಕ್ಕದ ತುಪ್ಪದ ಡಬ್ಬಿ ಎತ್ತಿದರು. ನಾನು ತಟ್ಟೆ ಬಿಡಲಿಲ್ಲ. ಅವರೂ ಬಿಡಲಿಲ್ಲ. ಒಂದು ನಿಮಿಷ ಎಳೆದಾಡಿದೆವು. ಕೊನೆಗೆ ತುಪ್ಪ ಅರ್ಧ ದೋಸೆಯ ಮೇಲೂ ಅರ್ಧ ನನ್ನ ಜುಬ್ಬಾದ ಮೇಲೂ ಬಿತ್ತು. ಪೂಜಾರಿಯವರು ಗೆದ್ದರು.

ಕಾರಿಗೆ ಮರಳಿದಾಗ ಸುಮಂಗಲಾ ಮೆಲ್ಲಗೆ ಹೇಳಿದರು. "ಭಟ್ಟರ, ಸಿಟ್ಟಾಗಬ್ಯಾಡ್ರಿ. ಬಾಳಿಹಣ್ಣು ಮುಗದಾವು. ಕೈ ನಡುಗಾಕತ್ತಾವ. ಖಾಲಿ ಹೊಟ್ಟೀಲೆ ಸುರ ನಿಲ್ಲೂದಿಲ್ರಿ."

ನನಗೆ ಬೆವರಿಳಿಯಿತು. ಸಭಾಗೃಹ ತುಂಬಿ ಜನ ಕಾಯುತ್ತಿರುತ್ತಾರೆ, ಇಲ್ಲಿ ಗಾಯಕಿ ಬವಳಿ ಬಂದು ಬೀಳುವ ಹಾಗಿದ್ದಾರೆ. ಮನೆಗೆ ಹಿಂದಿರುಗಲು ಹೊತ್ತಿಲ್ಲ.

"ನಿಮ್ಮ ಪರಿಚಯವೇ ಇವರಿಗೆ ಮುಳುವಾದದ್ದು," ಎಂದಳು ವಿಜಯಾ. "ತುಪ್ಪ ಏನು ಪುಕ್ಕಟೆ ಬರ್ತದಾ? ಗುರುತಿಲ್ಲದವರಿಗೆ ಯಾರೂ ಸುರಿಯುವುದಿಲ್ಲ. ಯಾರಿಗೂ ನಿಮ್ಮ ಮುಖ ಗೊತ್ತಿಲ್ಲದ ಹೋಟೆಲಿಗೆ ಹೋಗುವ. ನೀವು ಊರಿನವರು ಅಂತ ಗೊತ್ತಾಗಬಾರದು."

"ಅಂದರೆ?"

"ಅಂದರೆ, ಕನ್ನಡದಲ್ಲಿ ಬಾಯಿ ಬಿಡಬೇಡಿ."

ಓದುಗರು ನನ್ನ ಸಂಕಟವನ್ನು ದಯವಿಟ್ಟು ಅರ್ಥ ಮಾಡಿಕೊಳ್ಳಬೇಕು. 'ಅಂಗಡಿಯಲ್ಲಿ, ಹೋಟೆಲಿನಲ್ಲಿ, ರೈಲಿನಲ್ಲಿ ಅಂಜದೆ ಕನ್ನಡ ಮಾತಾಡಿ' ಎಂದು ಪ್ರತಿ ರಾಜ್ಯೋತ್ಸವಕ್ಕೂ ಮೈಕು ಹಿಡಿದು ಗುಡುಗುವವನು ನಾನೇ. ಆ ಸಂಜೆಯ ಗುಡುಗು ಬರೆದಿಟ್ಟ ಕಾಗದ ಜುಬ್ಬಾದ ಜೇಬಿನಲ್ಲಿ ತುಪ್ಪ ಹೀರಿಕೊಂಡು ಕೂತಿತ್ತು. ಆದರೆ ಹಿಂದಿನ ಸೀಟಿನಲ್ಲಿ ಹಸಿದ ಹೆಂಗಸೊಬ್ಬರಿದ್ದರು.

ಘಣಸೋಲಿಯಲ್ಲಿ ನನಗೆ ಪರಿಚಯವಿಲ್ಲದ ಒಂದು ಸಣ್ಣ ಹೋಟೆಲು ಸಿಕ್ಕಿತು. ಗಲ್ಲಾದಲ್ಲಿ ಕೂತವರ ಹಣೆಯ ಗಂಧ, ಹಿಂದಿನ ಕೃಷ್ಣನ ಪಟ ನೋಡಿದ ಕೂಡಲೇ ನಮ್ಮ ಕಡೆಯವರೇ ಎಂದು ತಿಳಿಯಿತು. ಬಾಯಿಗೆ ಬಂದ ನಮಸ್ಕಾರವನ್ನು ನುಂಗಿ, ಎದೆ ಗಟ್ಟಿ ಮಾಡಿ ಮರಾಠಿಯಲ್ಲಿ ಹೇಳಿದೆ. "ದೋನ್ ಸಾದಾ ಡೋಸಾ. ತೂಪ್ ನಕೋ, ಲೋಣಿ ನಕೋ, ದಹೀ ನಕೋ. ಫಕ್ತ್ ತೇಲ್." ತುಪ್ಪ, ಬೆಣ್ಣೆ, ಮೊಸರು ಬೇಡ, ಬರೀ ಎಣ್ಣೆ ಎಂದರ್ಥ.

ಅವರು ನನ್ನನ್ನು ಒಮ್ಮೆ ನೋಡಿದರು. ಜುಬ್ಬಾದ ಕಲೆ ನೋಡಿದರು. ಸುಮ್ಮನೆ ತಲೆಯಾಡಿಸಿದರು.

ದೋಸೆ ಬಂತು. ಎಣ್ಣೆಯ ದೋಸೆ. ಬರೀ ಕಾಯಿಯ ಚಟ್ನಿ. ಯಾರೂ ಬಂದು ಉಪಚರಿಸಲಿಲ್ಲ, ಯಾರೂ ಯೋಗಕ್ಷೇಮ ಕೇಳಲಿಲ್ಲ. ಆಹಾ, ಎಂಥ ಸುಖ! ಸುಮಂಗಲಾ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಭಾಳ ಚೊಲೋ..." ಎನ್ನುವಷ್ಟರಲ್ಲಿ ವಿಜಯಾ ಅವರ ಕೈ ಅದುಮಿದಳು. ಆಮೇಲೆ ಮೂವರೂ ಮೂಕರಂತೆ ಕೂತೆವು. ಬೇಕಾದಾಗಲೆಲ್ಲ ನಾನು ಬೆರಳೆತ್ತಿ "ಆಣಖೀ ಏಕ್", ಇನ್ನೊಂದು, ಎನ್ನುತ್ತಿದ್ದೆ. ಅವರು ತಿನ್ನುವುದನ್ನು ನೋಡುತ್ತ ನನಗೆ ಬಹಳ ಹಾಯೆನಿಸಿತು.

ಸಂಜೆ ಸುಮಂಗಲಾ ಹಾಡಿದ್ದು ಹೇಗೆಂದರೆ, ಹಿಂದಿನ ಸಾಲಿನಲ್ಲಿ ಮೊಬೈಲು ನೋಡುತ್ತಿದ್ದ ಹುಡುಗರೂ ತಲೆಯೆತ್ತಿದರು. ಹಾಡು ಮುಗಿದ ಮೇಲೆ ಶೆಟ್ಟರು ನನ್ನ ಕಿವಿಯಲ್ಲಿ, "ಬೆಳಗಿನ ತುಪ್ಪ, ಭಟ್ರೇ," ಎಂದರು. ರಾಯರು, "ಮೆಣಸಿನ ಹಾಲು," ಎಂದರು. ಪೂಜಾರಿಯವರು, "ಒಣದೋಸೆ ತಿನ್ನಿಸಿದ್ದರೆ ಆ ಸ್ವರ ಬರ್ತಿತ್ತಾ?" ಎಂದು ಕೇಳಿದರು. ಮೂವರ ಮಾತಿಗೂ ತಲೆದೂಗಿದೆ. ಆಮೇಲೆ ಜಿಡ್ಡಾದ ಕಾಗದ ಬಿಡಿಸಿ ಮೈಕಿನ ಮುಂದೆ ನನ್ನ ಗುಡುಗು ಓದಿದೆ. 'ಹೋಟೆಲಿನಲ್ಲಿ ಅಂಜದೆ ಕನ್ನಡ ಮಾತಾಡಿ' ಎಂಬಲ್ಲಿಗೆ ಬಂದಾಗ ಮೂರನೆಯ ಸಾಲಿನಲ್ಲಿ ಒಂದು ಗಂಧದ ಹಣೆ ಕಂಡಿತು. ಗಲ್ಲಾದವರು! ಮುಂದಿನ ವಾಕ್ಯ ಎಲ್ಲಿದೆಯೆಂದೇ ನನಗೆ ಸಿಗಲಿಲ್ಲ.

ಸಭೆ ಮುಗಿದ ಮೇಲೆ ಕಂಬದ ಮರೆಗೆ ಸರಿದಿದ್ದವನನ್ನು ಅವರೇ ಹುಡುಕಿಕೊಂಡು ಬಂದರು. ವಿಜಯಾ ಪಕ್ಕದಲ್ಲೇ ಇದ್ದಳು.

"ತಪ್ಪು ತಿಳಿಯಬೇಡಿ, ಆಗ ಹೋಟೆಲಿನಲ್ಲಿ ನಾನು..." ಎಂದು ತೊದಲಿದೆ.

"ನೀವು ಬಾಯಿ ಬಿಟ್ಟ ಕೂಡಲೇ ಗೊತ್ತಾಯ್ತು, ನಮ್ಮೂರಿನವರು ಅಂತ," ಎಂದರು ಅವರು. "ಅಂಥ ಮರಾಠಿ ಇಲ್ಲಿ ಬೇರೆ ಯಾರೂ ಮಾತಾಡುವುದಿಲ್ಲ."

"ಮತ್ತೆ ಯಾಕೆ ಮಾತಾಡಿಸಲಿಲ್ಲ?"

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಜುಬ್ಬಾ ಹಾಗಿತ್ತು. ಒಬ್ಬರು ಹಸಿದು ಹಸಿದು ತಿಂತಿದ್ರು. ನೀವು ಬರೀ ನೀರು ಕುಡಿದು ಕೂತಿದ್ರಿ. ತುಪ್ಪ ಬೇಡ, ಬೆಣ್ಣೆ ಬೇಡ, ಎಲ್ಲ ಬೇಡ. ಕಷ್ಟದಲ್ಲಿದ್ದಾರೆ, ಗುರುತು ಹಿಡಿದರೆ ಮರ್ಯಾದೆಗೆ ಅಂಜುತ್ತಾರೆ ಅಂತ ಸುಮ್ಮನಾದೆ. ಈಗ ಮೈಕಿನ ಮುಂದೆ ನಿಮ್ಮನ್ನು ಕಂಡ ಕೂಡಲೇ ಹೋಟೆಲಿನಿಂದ ಒಂದು ಸಣ್ಣ ಕಾಣಿಕೆ ತರಿಸಿದೆ. ಊರಿನವರಿಗೆ ಊರಿನವರಲ್ಲದೆ ಯಾರು ಆಗ್ತಾರೆ ಹೇಳಿ?" ಎನ್ನುತ್ತ ಚೀಲದಿಂದ ಒಂದು ದೊಡ್ಡ ಬಾಟಲಿ ತೆಗೆದು ನನ್ನ ಕೈಗಿಟ್ಟರು. ತುಪ್ಪ. ಊರಿನ ತುಪ್ಪ.

"ಅಯ್ಯೋ, ಬೇಡ, ನಿಜವಾಗಿ ಬೇಡ..." ಎಂದೆ.

"ಬೇಡ ಅನ್ನದೆ ಸುಮ್ಮನೆ ತಗೊಳ್ಳಿ," ಎಂದಳು ವಿಜಯಾ. "ಇಲ್ಲದಿದ್ದರೆ ಇನ್ನೊಂದು ಕೊಡ್ತಾರೆ."

ಎರಡೂ ಕೈಯೊಡ್ಡಿ ತೆಗೆದುಕೊಂಡೆ.