ಕೆಂಪು ಕರುವಿನ ಮೇಲೆ ನಾನು ಕೊಟ್ಟ ತೀರ್ಪು

ಒಂದೇ ಪಾಠವನ್ನು ಹದಿನೆಂಟು ವರ್ಷ ಮಾಡಿದವರಿಗೆ ಒಂದು ವಿಚಿತ್ರ ಕಾಯಿಲೆ ಅಂಟಿಕೊಳ್ಳುತ್ತದೆ. ಪಾಠ ನಾಲಿಗೆಯ ಮೇಲೆ ಎಷ್ಟು ಚೆನ್ನಾಗಿ ಕೂತುಬಿಡುತ್ತದೆಂದರೆ, ಅದು ತಲೆಯ ತನಕ ಹೋಗಿಬರುವ ತೊಂದರೆಯನ್ನೇ ತೆಗೆದುಕೊಳ್ಳುವುದಿಲ್ಲ. ನಾನು ಮದ್ದೂರಿನ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ವರ್ಷಕ್ಕೊಮ್ಮೆ ಅನುವಂಶೀಯತೆಯ ಅಧ್ಯಾಯ ಬಂತೆಂದರೆ, ಮಠದ ತೋಟದಲ್ಲಿ ಬಟಾಣಿ ಬೆಳೆದು ಅದನ್ನು ಎಣಿಸುತ್ತ ಕೂತಿದ್ದ ಆ ಪಾದ್ರಿಯ ಕಥೆಯನ್ನು ಮನೆಯಲ್ಲಿ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಯೋಚಿಸುತ್ತಲೇ ತಪ್ಪಿಲ್ಲದೆ ಹೇಳಬಲ್ಲೆ. ಹೀಗಿದ್ದೂ ನಮ್ಮ ಮನೆಯ ಕೊಟ್ಟಿಗೆಯಲ್ಲೇ ಆ ಪಾಠದಲ್ಲಿ ನಾನು ಫೇಲಾದೆ. ಇದನ್ನು ನಿಮ್ಮ ಹತ್ತಿರ ಮಾತ್ರ ಹೇಳುತ್ತಿದ್ದೇನೆ. ನನ್ನ ವಿದ್ಯಾರ್ಥಿಗಳ ಕಿವಿಗೆ ಬೀಳದಿರಲಿ.

ನಮ್ಮದು ಮದ್ದೂರಿನ ಹತ್ತಿರದ ಕೊಪ್ಪ. ಬೆಳಗಾದರೆ ನನ್ನ ಗಂಡ ಗೆಜ್ಜಲಗೆರೆಯ ಕಾರ್ಖಾನೆಗೆ ಬೈಕಿನಲ್ಲಿ ಹೋಗುತ್ತಾರೆ, ನಾನು ಮದ್ದೂರಿಗೆ ಸ್ಕೂಟರಿನಲ್ಲಿ. ನಮ್ಮತ್ತೆ ನಮ್ಮಿಬ್ಬರಿಗಿಂತ ಮೊದಲೇ ಎದ್ದು ಹಿತ್ತಲ ಕೊಟ್ಟಿಗೆಯಲ್ಲಿ ಡ್ಯೂಟಿ ಶುರು ಮಾಡಿರುತ್ತಾರೆ. ಅಲ್ಲಿರುವ ಎರಡು ಹಸುಗಳಲ್ಲಿ ಒಬ್ಬಳು ಗೌರಿ, ಕಪ್ಪು ಬಿಳುಪು ಮಚ್ಚೆಯ ಸೀಮೆ ಹಸು. ಗೌರಿ ಬೆದೆಗೆ ಬಂದಾಗ ಫೋನು ಹೋಗುವುದು ಮಾದೇಶನಿಗೆ. ಅವನು ಸುತ್ತಲಿನ ಹಳ್ಳಿಗಳ ಹಸುಗಳಿಗೆ ಗಬ್ಬದ ಇಂಜೆಕ್ಷನ್ ಕೊಡುವವನು. ತಣ್ಣನೆಯ ನೈಟ್ರೋಜನ್ ತುಂಬಿದ ಕ್ಯಾನನ್ನು ಬೈಕಿಗೆ ಕಟ್ಟಿಕೊಂಡು ಬರುತ್ತಾನೆ. ಅದರೊಳಗೆ ಹೋರಿಗಳ ವೀರ್ಯ ತುಂಬಿದ ತೆಳ್ಳನೆಯ ಕಡ್ಡಿಗಳಿರುತ್ತವೆ. ಊರು ಅವನನ್ನು ಡಾಕ್ಟ್ರೇ ಎಂದು ಕರೆಯುತ್ತದೆ. ಎಂಎಸ್ಸಿ ಮಾಡಿ, ಲೆಕ್ಚರರ್ ಆಗಿ, ಪ್ರಶ್ನೆಪತ್ರಿಕೆಗಳನ್ನೆಲ್ಲ ತಯಾರಿಸುವ ನನ್ನನ್ನು ಮಾತ್ರ ಟೀಚರಮ್ಮ ಎನ್ನುತ್ತದೆ. ಇದರಿಂದ ನನಗೇನೂ ಬೇಸರವಿರಲಿಲ್ಲ ಎಂದು ಬರೆಯಲು ಹೊರಟಿದ್ದೆ, ಆದರೆ ಇದು ತಪ್ಪೊಪ್ಪಿಗೆ ತಾನೇ, ಸುಳ್ಳೇಕೆ? ಬೇಸರವಿತ್ತು. ಹಸುವಿಗೆ ಹೊಟ್ಟೆ ಉಬ್ಬರಿಸಲಿ, ಕೋಳಿ ತೂಕಡಿಸಲಿ, ಜನ ಮಾದೇಶನನ್ನು ಕೇಳುತ್ತಿದ್ದರು. ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಜೀವಶಾಸ್ತ್ರದ ಒಂದೇ ಒಂದು ಪ್ರಶ್ನೆ ನನ್ನ ಬಾಗಿಲಿಗೆ ಬಂದಿರಲಿಲ್ಲ.

ಹೀಗಿರುವಾಗ ಗೌರಿ ಕರು ಹಾಕಿದಳು. ಹೆಣ್ಣು ಕರು, ಕೊಟ್ಟಿಗೆಯೆಲ್ಲ ಸಂಭ್ರಮ. ಅತ್ತೆ ಬಿಸಿನೀರಿನ ಬಟ್ಟೆಯಲ್ಲಿ ಮೈ ಒರೆಸಿದ ಮೇಲೆ ನೋಡುತ್ತೇನೆ, ಕರುವಿನ ಮೈಮೇಲೆ ಒಂದು ಕಪ್ಪು ಕೂದಲೂ ಇಲ್ಲ. ಇಟ್ಟಿಗೆಯಂಥ ಕೆಂಪು, ನಡುನಡುವೆ ಬಿಳಿ ಮಚ್ಚೆ. ಮಾದೇಶ ಆವತ್ತು ಕೊಟ್ಟಿದ್ದು ಕಪ್ಪು ಬಿಳುಪು ಹೋರಿಯ ಕಡ್ಡಿ ಎಂದು ನನಗೆ ಚೆನ್ನಾಗಿ ನೆನಪಿತ್ತು, ಅವನು ಬರೆದುಕೊಟ್ಟಿದ್ದ ಕಾರ್ಡಿನಲ್ಲೂ ಹಾಗೇ ಇತ್ತು. ನಾನು ಹುಬ್ಬೇರಿಸಿದೆ. ಅತ್ತೆ ಕರುವಿನ ಬೆನ್ನು ಸವರುತ್ತ, "ಇದ್ರಜ್ಜಿ ಕೆಂಪಿ ಕಣಮ್ಮ. ನಿಮ್ಮಾವ ಮಳವಳ್ಳಿ ಸಂತೇಲಿ ಇಡ್ಕಬಂದಿದ್ದು. ಅವ್ಳೂ ಇಂಗೇ ಕೆಂದಸ. ಅವ್ಳ ಬಣ್ಣ ಎಲ್ಲೋಯ್ತದೆ?" ಅಂದರು. ಕೆಂಪಿ ನಾನು ಮದುವೆಯಾಗಿ ಬರುವ ಮೊದಲೇ ತೀರಿಕೊಂಡಿದ್ದ ಹಸು, ಗೌರಿಯ ತಾಯಿ. ನಾನು ನಕ್ಕು, "ಅತ್ತೆ, ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರೆ. ಅಜ್ಜಿಯಂತೆ ಅಂತ ಯಾರಾದರೂ ಅಂದಿದ್ದಾರಾ? ಗೌರಿ ಮೈಮೇಲೇ ಇಲ್ಲದ ಕೆಂಪು ಅವಳ ಮಗಳಿಗೆ ಎಲ್ಲಿಂದ ಬರಬೇಕು?" ಎಂದೆ. ಅತ್ತೆ ನನ್ನನ್ನು ಒಂದು ಸಲ ನೋಡಿ, ಗಿಣ್ಣು ಹಾಲು ಕರೆಯಲು ಕೂತರು.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಕರು ಹುಟ್ಟಿದರೆ ಮೊದಲ ಗಿಣ್ಣು ಕಾಯಿಸಿ, ಬೆಲ್ಲ ಏಲಕ್ಕಿ ಹಾಕಿ, ಇಂಜೆಕ್ಷನ್ ಕೊಟ್ಟವನ ಮನೆಗೆ ಕಳಿಸಬೇಕು. ಮಿಕ್ಕದ್ದು ಆಮೇಲೆ ಅಕ್ಕಪಕ್ಕದವರಿಗೆ. ಈ ಸಲ ನಾನು ಅಡ್ಡ ನಿಂತೆ. ಕಡ್ಡಿ ಬದಲಾಯಿಸಿದವನಿಗೆ ಗಿಣ್ಣು ಬೇರೆ ಕೇಡು ಎಂದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ವಿಷಯ ಮನೆಯೊಳಗೇ ಮುಗಿಯುತ್ತಿತ್ತು.

ಅವತ್ತು ಸಂಜೆ ಅತ್ತೆಗೆ ಕರು ಬಿಟ್ಟು ಬರಲು ಮನಸ್ಸಿಲ್ಲದೆ, ನಮ್ಮ ಇನ್ನೊಂದು ಹಸುವಿನ ಹಾಲಿನ ಕ್ಯಾನು ಹಿಡಿದು ಡೇರಿಗೆ ನಾನೇ ಹೋದೆ. ಸಾಲಿನಲ್ಲಿ ನನ್ನ ಮುಂದಿದ್ದ ಚಿಕ್ಕತಾಯಮ್ಮ ತಿರುಗಿ, "ಟೀಚರಮ್ಮ, ನಿಮ್ಮನೇ ಅಸ ಕೆಂದ ಕರ ಆಕದಂತೆ? ಅದೆಂಗಮ್ಮ ಅದು? ನೀವು ಅದ್ನೇ ಓದಿಸ್ತೀರಂತಲ್ಲ!" ಅಂದರು. ಸಾಲಿಗೆ ಸಾಲೇ ನನ್ನ ಕಡೆ ತಿರುಗಿತು. ಹಾಲಿನ ಫ್ಯಾಟು ನೋಡುತ್ತಿದ್ದ ಡೇರಿ ಸೆಕ್ರೆಟರಿ ಕೂಡ ಕೈ ನಿಲ್ಲಿಸಿದ. ಅಷ್ಟು ವರ್ಷ ಕಾದಿದ್ದ ಪ್ರಶ್ನೆ! ನಾನು ಕ್ಯಾನು ಕೆಳಗಿಟ್ಟು, ತರಗತಿಯ ದನಿಯಲ್ಲಿ, "ಕಪ್ಪು ಬಿಳುಪಿಗೆ ಕಪ್ಪು ಬಿಳುಪು ಸೇರಿದರೆ ಕೆಂಪು ಹುಟ್ಟೋಕೆ ಸಾಧ್ಯವೇ ಇಲ್ಲ. ಇದು ವಿಜ್ಞಾನ. ಎಲ್ಲೋ ಕಡ್ಡಿ ಬದಲಾಗಿದೆ" ಎಂದು ತೀರ್ಪು ಕೊಟ್ಟೆ. "ಅಂಗಾದ್ರೆ ನಮ್ಮಸಕ್ಕೂ ಯಾವ್ದೋ ಕೊಟ್ಟವ್ನೆ ಬುಡು" ಎಂದು ಹಿಂದಿನಿಂದ ಯಾರೋ ಅಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನಂತೂ ಆ ಸಂಜೆ ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ಎರಡೇ ದಿನದಲ್ಲಿ ನನ್ನ ವಿಜ್ಞಾನ ಊರೆಲ್ಲ ಹಬ್ಬಿತು. ಚಿಕ್ಕತಾಯಮ್ಮನ ಹಸು ಬೆದೆಗೆ ಬಂದಾಗ ಮದ್ದೂರಿನಿಂದ ಬೇರೆಯವರನ್ನು ಕರೆಸಿದರು. ಇನ್ನೂ ಎರಡು ಮನೆಯವರು ಹಾಗೇ ಮಾಡಿದರು. ಮಾದೇಶನ ಬೈಕು ಕ್ಯಾನು ಸಮೇತ ಟೀ ಅಂಗಡಿಯ ಮುಂದೆ ಸುಮ್ಮನೆ ನಿಂತಿರುವುದನ್ನು ಕಾಲೇಜಿಗೆ ಹೋಗುವಾಗಲೂ ಕಂಡೆ, ಬರುವಾಗಲೂ ಕಂಡೆ. ಮೂರನೆಯ ದಿನ ಅವನು ಒಂದು ಹಳೆಯ ನೋಟ್‌ಬುಕ್ ಹಿಡಿದು ನಮ್ಮ ಮನೆಗೆ ಬಂದ. ಜಗಲಿಯ ಮೇಲೆ ಕೂರು ಎಂದರೂ ಕೂರಲಿಲ್ಲ.

"ಟೀಚರಮ್ಮ, ನಾನು ಕಡ್ಡಿ ಬದ್ಲಾಯ್ಸಿಲ್ಲ. ನೋಡಿ, ಕಾಲಿ ಕಡ್ಡೀನೂ ಇಲ್ಲೇ ಅಂಟಿಸಿವ್ನಿ. ಓರಿ ನಂಬ್ರ ಅದ್ರ ಮ್ಯಾಲೇ ಅದೆ" ಎಂದು ಪುಟ ತೆರೆದು ತೋರಿಸಿದ. ಪ್ರತಿ ಹಸುವಿನ ಹೆಸರಿನ ಮುಂದೆ ಒಂದೊಂದು ಖಾಲಿ ಕಡ್ಡಿಯನ್ನು ಟೇಪು ಹಾಕಿ ಅಂಟಿಸಿದ್ದ. ನನ್ನ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕಗಳಲ್ಲಿ ಒಂದಾದರೂ ಅಷ್ಟು ಅಚ್ಚುಕಟ್ಟಾಗಿಲ್ಲ. ಆದರೂ ನಾನು, "ನಂಬರು ಏನು ಬೇಕಾದರೂ ಇರಲಿ ಮಾದೇಶ, ಬಣ್ಣ ಸುಳ್ಳು ಹೇಳುತ್ತಾ?" ಎಂದೆ. ಅವನು ಪುಸ್ತಕ ಮುಚ್ಚಿದ. "ಬಣ್ಣದ ಇಸ್ಯ ನಂಗೊತ್ತಿಲ್ಲ ಕಣ್ರಮ್ಮ. ನಾನು ಎಸ್ಸೆಲ್ಸಿ. ನೀವು ಓದ್ದೋರು ಯೋಳ್ಬುಟ್ಟ ಮ್ಯಾಲೆ ಊರು ನನ್ ಮಾತು ಕೇಳ್ತದಾ?" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ. ಒಳಗಿನಿಂದ ಅತ್ತೆ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು. ಅದು ನನಗೇ ಎಂದು ಗೊತ್ತಾದರೂ ಗೊತ್ತಾಗದವಳಂತೆ ಇದ್ದೆ.

ಮಾರನೆಯ ದಿನ ತರಗತಿಯಲ್ಲಿ ಅದೇ ಅಧ್ಯಾಯ. ಬೋರ್ಡಿನ ಮೇಲೆ ಎರಡು ಎತ್ತರದ ಬಟಾಣಿ ಗಿಡ ಬರೆದು ಅವುಗಳ ಮರಿಗಿಡಗಳಲ್ಲಿ ಎಷ್ಟು ಎತ್ತರ, ಎಷ್ಟು ಕುಳ್ಳು ಎಂದು ಲೆಕ್ಕ ಹಾಕುತ್ತಿದ್ದೆ. ಸಿಂಧು ಎಂಬ ಹುಡುಗಿ ಎದ್ದು ನಿಂತಳು. ಬ್ಲಫ್ ಎಂಬ ಊರಿನವಳು, ಅವಳಪ್ಪ ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ಕೆಲಸಗಾರ, ಇಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಾಳೆ. "ಮೇಡಂ, ಎರಡೂ ಎತ್ತರದ ಗಿಡ ಅಲ್ವಾ? ಅಪ್ಪನಲ್ಲೂ ಇಲ್ಲ, ಅಮ್ಮನಲ್ಲೂ ಇಲ್ಲ. ಮತ್ತೆ ಮರಿ ಕುಳ್ಳಗೆ ಹೇಗಾಗುತ್ತೆ?"

ನನ್ನ ನಾಲಿಗೆ ತಡಮಾಡದೆ ಹೊರಟಿತು: "ಇಲ್ಲ ಅಂತ ಯಾರು ಹೇಳಿದ್ರು? ಇರುತ್ತೆ, ಅಡಗಿ ಕೂತಿರುತ್ತೆ. ಪ್ರತಿ ಗುಣಕ್ಕೂ ಎರಡೆರಡು ಜೀನು, ಒಂದು ತಾಯಿಯಿಂದ, ಒಂದು ತಂದೆಯಿಂದ. ಜೋರಿನದು ಮುಂದೆ ನಿಂತರೆ ಮೆದುವಿನದು ಹಿಂದೆ ಮರೆಯಾಗಿರುತ್ತೆ. ಎರಡೂ ಕಡೆಯಿಂದ ಮೆದುವಿನದೇ ಬಂದು ಸೇರಿತೋ, ಅಜ್ಜಿಯ ಗುಣ ಮೊಮ್ಮಗಳಲ್ಲಿ..."

ಅಲ್ಲಿಗೆ ನಿಂತಿತು. ಆ ಕ್ಷಣ ನನಗೆ ಬಟಾಣಿ ಗಿಡ ಕಾಣಲಿಲ್ಲ. ಗಿಣ್ಣು ಕರೆಯಲು ಕೂತ ಅತ್ತೆಯ ಬೆನ್ನು ಕಂಡಿತು, ಪುಸ್ತಕ ಮುಚ್ಚಿಕೊಂಡು ಹೋದ ಮಾದೇಶ ಕಂಡ. "ಮೇಡಂ, ಮೊಮ್ಮಗಳಲ್ಲಿ ಏನಾಗುತ್ತೆ?" ಎಂದು ಸಿಂಧು ಕೇಳಿದಳು. "ಕಾಣಿಸಿಕೊಳ್ಳುತ್ತಮ್ಮ, ಕಾಣಿಸಿಕೊಳ್ಳುತ್ತೆ" ಎಂದು ಕುರ್ಚಿಯಲ್ಲಿ ಕೂತುಬಿಟ್ಟೆ. ಹದಿನೆಂಟು ವರ್ಷದಿಂದ ಇದನ್ನೇ ಹೇಳುತ್ತಿದ್ದರೂ ಅದು ಬಟಾಣಿಯ ವಿಷಯ ಎಂದುಕೊಂಡಿದ್ದೆನೇ ಹೊರತು ಗೌರಿಗೂ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ. ಓದಿ ಓದಿ ಮರುಳಾದ ಕೂಚುಭಟ್ಟ ಎಂಬ ಗಾದೆ ಗಂಡಸರಿಗೆ ಮಾತ್ರ ಎಂದುಕೊಂಡಿದ್ದೂ ತಪ್ಪು.

ಸ್ಟಾಫ್ ರೂಮಿಗೆ ಬಂದವಳೇ ಪಶುವೈದ್ಯೆಯಾಗಿರುವ ನನ್ನ ಹಳೆಯ ಗೆಳತಿಗೆ ಫೋನು ಮಾಡಿದೆ. ಮಾದೇಶ ತೋರಿಸಿದ್ದ ಹೋರಿಯ ನಂಬರು ನೆನಪಿತ್ತು. ಬಣ್ಣದ ಸಂಗತಿ ಕೇಳಿದರೆ ಅವಳು ಗಹಗಹಿಸಿ ನಕ್ಕಳು. ಹಸುವಿನ ಮೈಗೆ ಕಪ್ಪು ಬಣ್ಣ ತಯಾರಿಸು ಎಂದು ಹೇಳಲು ಒಂದು ಜೀನು ಇದೆಯಂತೆ. ಡಿಎನ್‌ಎ ಎಂಬ ಉದ್ದನೆಯ ಬರವಣಿಗೆಯಲ್ಲಿ ಆ ಜಾಗದ ಒಂದೇ ಒಂದು ಅಕ್ಷರ ಬಿದ್ದುಹೋಗಿದ್ದರೆ ಆಜ್ಞೆ ಕೆಟ್ಟು, ಕಪ್ಪಿನ ಬದಲು ಕೆಂಪೇ ಉಳಿಯುತ್ತದಂತೆ. ಒಂದು ಪ್ರತಿ ಕೆಟ್ಟರೂ ಇನ್ನೊಂದು ಸರಿಯಿದ್ದರೆ ಹಸು ಕಪ್ಪಾಗಿಯೇ ಕಾಣುತ್ತದೆ. ಆಮೇಲೆ ಅವಳು ಪಟ್ಟಿ ನೋಡಿ, "ನಿಮ್ಮ ಹೋರಿ ಕಪ್ಪು ಬಿಳುಪೇ ಕಣೇ. ಆದರೆ ಕೆಂಪು ಅಡಗಿದೆ ಅಂತ ಹೆಸರಿನ ಪಕ್ಕದಲ್ಲೇ ಗುರುತು ಹಾಕಿದ್ದಾರೆ. ನಿನ್ನ ಹಸುವಿನ ತಾಯಿ ಕೆಂಪಾಗಿದ್ದರೆ ಹುಟ್ಟೋ ಕರುಗಳಲ್ಲಿ ನಾಲ್ಕಕ್ಕೆ ಒಂದು ಕೆಂಪು. ಅಲ್ಲ, ನೀನು ಪಾಠ ಮಾಡೋದೇನು?" ಎಂದಳು. ಫೋನಿಟ್ಟವಳೇ ಸ್ಕೂಟರಿನ ಕೀ ತೆಗೆದುಕೊಂಡೆ.

ಸ್ಕೂಟರನ್ನು ನೇರ ಟೀ ಅಂಗಡಿಯ ಮುಂದೆ ನಿಲ್ಲಿಸಿ, "ಮಾದೇಶ, ತಪ್ಪು ನನ್ನದು. ನಿನ್ನ ಕಡ್ಡಿಯೂ ಸರಿ, ನಮ್ಮತ್ತೆಯ ಮಾತೂ ಸರಿ" ಎಂದೆ. ಅವನು ನಂಬಲಾರದವನಂತೆ ನೋಡಿದ. ಅದೇ ಹೋರಿಯ ಕಡ್ಡಿಯನ್ನು ಇನ್ಯಾವ ಹಸುವಿಗಾದರೂ ಕೊಟ್ಟಿದ್ದೀಯಾ ಎಂದು ಕೇಳಿದೆ. ಗೌರಿಗೆ ಕೊಟ್ಟ ವಾರವೇ ಗೆಜ್ಜಲಗೆರೆಯ ಒಂದು ಮನೆಯ ಹಸುವಿಗೂ ಕೊಟ್ಟಿದ್ದನಂತೆ. ಅದೂ ಈ ವಾರವೇ ಕರು ಹಾಕಿರಬೇಕು. "ಮತ್ತೆ ಹೋಗಿ ನೋಡಲಿಲ್ಲವಾ?" ಎಂದರೆ ತಲೆ ತಗ್ಗಿಸಿದ. "ಭಯ ಆಯ್ತು ಟೀಚರಮ್ಮ. ಅದೂ ಕೆಂಪಗೇ ಉಟ್ಟಿದ್ರೆ ಆ ಊರಲ್ಲೂ ಮಾನ ಓಯ್ತದೆ ಅಂತ ಆ ಕಡೇಕೇ ಓಗ್ನಿಲ್ಲ."

ನಡೆ, ಈಗಲೇ ಹೋಗಿ ನೋಡೋಣ ಎಂದೆ. ಅವನ ಬೈಕು ಮುಂದೆ, ನನ್ನ ಸ್ಕೂಟರು ಹಿಂದೆ, ಗೆಜ್ಜಲಗೆರೆಗೆ ಹೋದೆವು. ಆ ಮನೆಯ ಕೊಟ್ಟಿಗೆಯಲ್ಲಿ ಕಪ್ಪು ಬಿಳುಪಿನ ಹಸು ಮೆಲುಕು ಹಾಕುತ್ತಿತ್ತು. ಅದರ ಪಕ್ಕದಲ್ಲಿ, ನಮ್ಮ ಕರುವಿನ ಜೊತೆಯಲ್ಲೇ ಹುಟ್ಟಿದ ಹಾಗೆ, ಇಟ್ಟಿಗೆ ಬಣ್ಣದ ಇನ್ನೊಂದು ಕರು ಕಿವಿ ನಿಗುರಿಸಿ ನಿಂತಿತ್ತು! ಮನೆಯ ಯಜಮಾನ ಮಾದೇಶನನ್ನು ಕಂಡೊಡನೆ, "ಬಾರ್ಲಾ ಡಾಕ್ಟ್ರೇ! ಎಲ್ಲೋಗಿದ್ಯಲಾ? ಎಂಥಾ ಕರ ಕೊಟ್ಟಿದ್ದೀಯ ನೋಡ್ಲಾ, ಬೀದಿಗೊಂದೇ ಬಣ್ಣ! ನಮ್ಮವ್ವ ದಿನಾ ದೃಷ್ಟಿ ತೆಗೀತವ್ಳೆ" ಎಂದು ಹೆಗಲ ಮೇಲೆ ಕೈ ಹಾಕಿದ. ಮಾದೇಶ ನಗುತ್ತಲೇ ಕಣ್ಣೊರೆಸಿಕೊಂಡ. ನನಗಂತೂ ತರಗತಿಯಲ್ಲಿ ಎದೆಯ ಮೇಲೆ ಬಿದ್ದಿದ್ದ ಚಪ್ಪಡಿಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಆ ಹಗುರದಲ್ಲಿ ಆ ಕರುವಿಗೆ ಮುತ್ತು ಕೊಟ್ಟುಬಿಟ್ಟೆ. ಅದು ನನ್ನ ಸೆರಗನ್ನು ಅರ್ಧ ತಿಂದಿತು, ತಿನ್ನಲಿ ಎಂದು ಬಿಟ್ಟೆ.

ಸಂಜೆ ಡೇರಿಯ ಸಾಲಿನಲ್ಲಿ ಎಲ್ಲರೂ ಇರುವ ಹೊತ್ತು ನೋಡಿ, ಮೊದಲ ಸಲ ಮಾತಾಡಿದಷ್ಟೇ ಗಟ್ಟಿಯಾಗಿ, ನಾನು ಹೇಳಿದ್ದು ತಪ್ಪು, ಮಾದೇಶನದು ಏನೂ ತಪ್ಪಿಲ್ಲ ಎಂದು ಒಪ್ಪಿಕೊಂಡೆ. ಅದೇ ಹೋರಿಗೆ ಹುಟ್ಟಿದ ಗೆಜ್ಜಲಗೆರೆಯ ಕರುವಿನ ಫೋಟೋ ತೋರಿಸಿ, ಹೋರಿಯೊಳಗೂ ಕೆಂಪು ಅಡಗಿತ್ತು ಎಂದೆ. ಚಿಕ್ಕತಾಯಮ್ಮ ಫೋಟೋವನ್ನು ಹತ್ತಿರಕ್ಕೆ ಹಿಡಿದು ನೋಡಿ, "ಅಜ್ಜಿ ಬಣ್ಣ ಮೊಮ್ಮಗಳ್ಗೆ ಬರೋದು ನಮ್ಗೂ ಗೊತ್ತಿತ್ತು ಕಣಮ್ಮ. ನೀವು ಓದ್ದೋರು ಅಂತ ಸುಮ್ನಿದ್ದೋ" ಅಂದರು. ಮರುದಿನದಿಂದ ಫೋನು ಮತ್ತೆ ಮಾದೇಶನಿಗೇ ಹೋಗತೊಡಗಿತು.

ಒಂದು ಮಾತ್ರ ಉಳಿದಿತ್ತು. ಮನೆಗೆ ಬಂದು ಅತ್ತೆಯ ಮುಂದೆ ಕೂತು, "ತಪ್ಪಾಯಿತು ಅತ್ತೆ. ಮಾದೇಶನಿಗೆ ಗಿಣ್ಣು ಕಳಿಸುವ ಹಾಗೂ ಇಲ್ಲವಲ್ಲ, ಗೌರಿ ಈಗ ಬರೀ ಹಾಲು ಕೊಡುತ್ತಿದ್ದಾಳೆ" ಎಂದೆ. ಅತ್ತೆ ಎದ್ದು ಹೋಗಿ ಫ್ರಿಜ್ಜಿನ ಮೇಲಿನ ಬಾಗಿಲು ತೆಗೆದರು. ಐಸಿನ ಟ್ರೇಯ ಹಿಂದಿನಿಂದ ಕಲ್ಲಿನಂತೆ ಗಟ್ಟಿಯಾಗಿದ್ದ ಒಂದು ಸ್ಟೀಲ್ ಡಬ್ಬಿ ಹೊರಬಂತು. "ಮೊದ್ಲ ದಿನಾನೇ ಅವನ್ ಪಾಲು ಎತ್ತಿಟ್ಟಿವ್ನಿ. ನೀನು ಇವತ್ತಲ್ಲ ನಾಳೆ ಸರೋಯ್ತೀಯ ಅಂತ ಗೊತ್ತಿತ್ತು ಕಣವ್ವ. ಓಗು, ಕಾಯ್ಸಿ ನೀನೇ ಕೊಟ್ಟು ಬಾ" ಅಂದರು. ನಾನು ತಪ್ಪೆಂದು ಗೊತ್ತಿದ್ದೂ, ನನ್ನ ಮರ್ಯಾದೆಗೋಸ್ಕರ ಅಷ್ಟು ದಿನ ಪಾತ್ರೆಯ ಮೇಲೆ ಮಾತ್ರ ಕೋಪ ತೀರಿಸಿಕೊಂಡಿದ್ದ ಆ ಜೀವದ ಕಾಲಿಗೆ ಬೀಳಬೇಕೆನ್ನಿಸಿತು. ಅತ್ತೆ ಅದಕ್ಕೂ ಬಿಡದೆ ಬೆಲ್ಲದ ಡಬ್ಬ ಕೈಗಿತ್ತರು.

ಕರುವಿಗೆ ಅಜ್ಜಿಯ ಹೆಸರನ್ನೇ ಇಟ್ಟಿದ್ದೇವೆ, ಕೆಂಪಿ. ನನ್ನ ಪಾಠವೂ ಸ್ವಲ್ಪ ಬದಲಾಗಿದೆ. ಈಗ ಬಟಾಣಿ ಮುಗಿದ ಮೇಲೆ ಬೋರ್ಡಿನ ಮೇಲೆ ಒಂದು ಹಸು ಬರೆಯುತ್ತೇನೆ. ಕಪ್ಪು ಹಸುವಿನ ಕೆಂಪು ಕರು ಕಂಡು ಕಡ್ಡಿ ಬದಲಾಗಿದೆ ಎಂದು ಒಬ್ಬರು ಗಲಾಟೆ ಮಾಡಿದ ಕಥೆ ಹೇಳುತ್ತೇನೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಮೊನ್ನೆ ಸಿಂಧು ನಗು ತಡೆದುಕೊಂಡು, "ಯಾರು ಮೇಡಂ ಅಷ್ಟೊಂದು ದಡ್ಡರು?" ಎಂದು ಕೇಳಿದಳು. "ಕೊಪ್ಪದ ಕಡೆಯವರಮ್ಮ, ಪಾಪ, ಜಾಸ್ತಿ ಓದಿದವರು" ಎಂದು ಹೇಳಿ ಬೋರ್ಡು ಒರೆಸಿದೆ.